ದುಬಾರಿ ಇದ್ದಿಲು ಬ್ರಿಕೆಟ್: ಕಾಸಿಗೆ ತಕ್ಕ ಕಜ್ಜಾಯವಾ?

ಹೊಸಒಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮುಚ್ಚಳ ಇರುವ ದುಂಡನೆಯ ಗ್ರಿಲ್ ಇದೆ. ಕೆಳಗೊಂದು, ಮೇಲೊಂದು ಗಾಳಿಕಿಂಡಿ. ಇಷ್ಟು ದಿನ ಕೈಗೆ ಸಿಕ್ಕ ಅಗ್ಗದ ಇದ್ದಿಲು ಬ್ರಿಕೆಟ್ (ಇದ್ದಿಲ ನುಚ್ಚನ್ನು ಒತ್ತಿ ಮಾಡಿದ ಗಟ್ಟಿ) ಹಾಕಿಕೊಂಡು ಬಂದಿದ್ದೇನೆ. ಈಗ ಅಂಗಡಿಯಲ್ಲಿ ಅದರ ಪಕ್ಕದಲ್ಲೇ 'ಪ್ರೀಮಿಯಂ' ಚೀಲ ಬಂದು ಕೂತಿದೆ. ತೂಕ ಅಷ್ಟೇ, ಬೆಲೆ ಮಾತ್ರ ಹತ್ತಿರ ಹತ್ತಿರ ಎರಡರಷ್ಟು. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ: ಕಡಿಮೆ ಬೂದಿ, ಜಾಸ್ತಿ ಹೊತ್ತು ಕಾವು, ಹೊಗೆ ಇಲ್ಲ, 100% ನೈಸರ್ಗಿಕ, ಅಸಲಿ ಕೆಂಡದ ರುಚಿ.

ನನ್ನ ಬಳಕೆ ಎರಡು ಥರ. ಹೆಚ್ಚಿನ ಸಲ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ಕೋಳಿ ತುಂಡು, ತರಕಾರಿ ಇತ್ಯಾದಿ. ಅಪರೂಪಕ್ಕೆ ದೊಡ್ಡ ಮಾಂಸದ ತುಂಡನ್ನು ಮುಚ್ಚಳ ಹಾಕಿ ಐದಾರು ಗಂಟೆ ಸಣ್ಣ ಕಾವಿನಲ್ಲಿ ಬೇಯಿಸುತ್ತೇನೆ. ತಲೆನೋವು ಇರುವುದು ಇದರಲ್ಲೇ. ಮೂರು ಗಂಟೆ ದಾಟುತ್ತಿದ್ದ ಹಾಗೆ ಕಾವು ಇಳಿಯುತ್ತದೆ. ಕಿಂಡಿ ಪೂರ್ತಿ ತೆಗೆದರೂ ಏರುವುದಿಲ್ಲ. ಮುಚ್ಚಳ ಎತ್ತಿ ನೋಡಿದರೆ ಬ್ರಿಕೆಟ್‌ಗಳು ಇದ್ದ ಹಾಗೇ ಇವೆ, ಬೆಳ್ಳಗೆ, ಮುಗಿದ ಲಕ್ಷಣವೇ ಇಲ್ಲ.

ದುಬಾರಿ ಚೀಲ ತಂದರೆ ಇದು ಸರಿಹೋಗುತ್ತದಾ? ಇಲ್ಲ ಚೀಲದ ಬಣ್ಣಕ್ಕೆ ದುಡ್ಡು ಕೊಟ್ಟ ಹಾಗೆ ಆಗುತ್ತದಾ? ಬಳಸಿ ನೋಡಿದವರು ಹೇಳಿ.

---

ಸುಮ್ನೆಸುಡು:

ಇದ್ದಿಲು ಅಂದ್ರೆ ಇದ್ದಿಲು ಕಣ್ರೀ. ಕೆಂಡ ಆದಮೇಲೆ ಎಲ್ಲಾ ಒಂದೇ. ಉಳಿದ ದುಡ್ಡಲ್ಲಿ ಒಳ್ಳೆ ಮಾಂಸ ತನ್ನಿ. ಕಾವು ಇಳಿದರೆ ಇನ್ನೊಂದು ಹಿಡಿ ಹಾಕಿ, ಕೆಲಸ ಮುಗಿಯಿತು.

---

ತಕ್ಕಡಿ:

ಅರ್ಧ ಗಂಟೆಯ ಕೆಲಸದ ಮಟ್ಟಿಗೆ ಸುಮ್ನೆಸುಡು ಹೇಳಿದ್ದು ಸರಿ. ಅದಕ್ಕೆ ದುಬಾರಿ ಚೀಲ ಬೇಡ. ಆದರೆ 'ಕೆಂಡ ಆದಮೇಲೆ ಎಲ್ಲಾ ಒಂದೇ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹೊಸಒಲೆಯವರೇ, ಮುಂದಿನ ಸಲ ಕಾವು ಇಳಿದಾಗ ಆ ಬೆಳ್ಳಗಿನ ಬ್ರಿಕೆಟ್ ಒಂದನ್ನು ಇಕ್ಕಳದ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಹೊರಗಿನ ಪದರ ಪುಸಕ್ಕನೆ ಉದುರುತ್ತದೆ. ಒಳಗೆ ಅಡಿಕೆ ಗಾತ್ರದ ಕೆಂಪು ಉಂಡೆ ಉಳಿದಿರುತ್ತದೆ, ಅಷ್ಟೇ. ಸುತ್ತ ಇದ್ದದ್ದೆಲ್ಲ ಬೂದಿ. ಅದು ಉದುರದೆ ಬ್ರಿಕೆಟ್ ಆಕಾರದಲ್ಲೇ ನಿಂತಿದ್ದರಿಂದ ನಿಮಗೆ 'ಇನ್ನೂ ಇದೆ' ಅನ್ನಿಸಿತು. ಆ ಬೂದಿ ಕಂಬಳಿ ಹೊದ್ದ ಕೆಂಡಕ್ಕೆ ಗಾಳಿಯೂ ಸಾಲದು, ಅದರ ಕಾವು ಹೊರಗೂ ಬಾರದು. ಇನ್ನು ಉದುರಿದ ಬೂದಿ ಎಲ್ಲಿಗೆ ಹೋಗುತ್ತದೆ? ಕೆಳಗಿನ ಕಿಂಡಿಯ ಮೇಲೆ ಕೂರುತ್ತದೆ. ನೀವು ಹೊರಗಿನಿಂದ ಕಿಂಡಿ ಪೂರ್ತಿ ತೆಗೆದಿರುತ್ತೀರಿ, ಒಳಗಿನಿಂದ ಬೂದಿ ಅದನ್ನು ಮುಚ್ಚಿರುತ್ತದೆ. ಇನ್ನೊಂದು ಹಿಡಿ ಇದ್ದಿಲು ಹಾಕಿದರೂ ಉಸಿರಾಡಲು ಗಾಳಿ ಬೇಕಲ್ವಾ?

ಹಾಗಾಗಿ ನಾನು ಯಾವ ಚೀಲ ತಂದರೂ ನೋಡುವುದು ಒಂದೇ ಒಂದು ಲೆಕ್ಕ. ಒಂದು ಕಿಲೋ ಸುಟ್ಟರೆ ಎಷ್ಟು ಬೂದಿ ಉಳಿಯುತ್ತದೆ? ಮಿಕ್ಕದ್ದೆಲ್ಲ ಆಮೇಲೆ.

ಇದು ಯಾಕೆ ಮುಖ್ಯ ಅಂದರೆ, ಒಳ್ಳೆಯ ಮರದ ಇದ್ದಿಲಿನಲ್ಲಿ ಹುಟ್ಟಾ ಇರುವ ಬೂದಿ ತೀರಾ ಕಡಿಮೆ. ಸಾಮಾನ್ಯವಾಗಿ ನೂರಕ್ಕೆ ಐದರ ಒಳಗೆ. ಅಗ್ಗದ ಬ್ರಿಕೆಟ್‌ನಲ್ಲಿ ಅದು ಹದಿನೈದು, ಹದಿನೆಂಟರ ತನಕ ಹೋಗುತ್ತದೆ. ನಡುವಿನ ಹತ್ತು ಹನ್ನೆರಡು ಎಲ್ಲಿಂದ ಬಂತು? ಮರದಿಂದ ಅಂತೂ ಅಲ್ಲ. ಬ್ರಿಕೆಟ್ ಮಾಡುವುದು ಇದ್ದಿಲ ನುಚ್ಚಿನಿಂದ. ಆ ನುಚ್ಚನ್ನು ನೆಲದಿಂದ ಗುಡಿಸಿ ತಂದರೆ ಮಣ್ಣು, ಮರಳು ಜತೆಗೇ ಬರುತ್ತದೆ. ಕೆಲವರು ತೂಕಕ್ಕೆ, ಅಂಟಿಗೆ ಅಂತ ಜೇಡಿಮಣ್ಣು ಸೇರಿಸುತ್ತಾರೆ. ಇನ್ನು ಕೆಲವರು ಸುಣ್ಣದ ಕಲ್ಲಿನ ಪುಡಿ ಹಾಕುತ್ತಾರೆ, ಬೂದಿ ಚೆಂದ ಬೆಳ್ಳಗೆ ಕಾಣಲಿ, ಹತ್ತಿದ್ದು ಗೊತ್ತಾಗಲಿ ಅಂತ. ಅಂದರೆ ಬೂದಿ ಬೆಳ್ಳಗಿದೆ ಅಂದಮಾತ್ರಕ್ಕೆ ಮಾಲು ಒಳ್ಳೆಯದು ಅನ್ನುವ ಹಾಗಿಲ್ಲ. ಕೆಂಪು ಮಿಶ್ರಿತ ಕಂದು ಬೂದಿ ಬಂದರೆ ಮಾತ್ರ ಮಣ್ಣಿನ ಗುಮಾನಿ ಪಡಬಹುದು.

ಬ್ರಿಕೆಟ್ ಹುಟ್ಟಿದ್ದೇ ಕಸದಿಂದ ರಸ ತೆಗೆಯಲು ಅನ್ನುವುದನ್ನು ಮರೆಯಬಾರದು. ಅಮೆರಿಕದಲ್ಲಿ ಎಲ್ಸ್‌ವರ್ತ್ ಝ್ವೋಯರ್ ಅನ್ನುವವರು 1897ರಲ್ಲಿ ಬ್ರಿಕೆಟ್ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ತನ್ನ ಕಾರಿನ ಭಾಗಗಳಿಗೆ ಮರ ಕೊಯ್ದು ಉಳಿದ ಚೂರುಪಾರು ವ್ಯರ್ಥ ಆಗಬಾರದು ಅಂತ ಮಿಷಿಗನ್‌ನಲ್ಲಿ ಇದರ ಕಾರ್ಖಾನೆ ಹಾಕಿದ. ಕಾರು ಮಾರುವ ಡೀಲರುಗಳೇ ಇದ್ದಿಲನ್ನೂ ಮಾರಿದರು! ಹಾಗಂತ ನುಚ್ಚಿನಿಂದ ಮಾಡಿದ್ದು ಕೀಳು ಅಂತ ಹೇಳುತ್ತಿಲ್ಲ. ನುಚ್ಚು ಶುದ್ಧವಾಗಿದ್ದು, ಅಂಟಿಗೆ ಬರೀ ಗಂಜಿ ಹಾಕಿದ್ದರೆ ಅದು ಬಹಳ ಒಳ್ಳೆಯ ಮಾಲು. ಎಲ್ಲವೂ ಒಂದೇ ಗಾತ್ರ ಇರುವುದರಿಂದ ಒಂದೇ ಸಮ ಉರಿಯುತ್ತದೆ. ಇಡೀ ಇದ್ದಿಲಿಗೆ, ಅಂದರೆ ಪುಡಿ ಮಾಡಿ ಒತ್ತದೆ ಮರದ ತುಂಡಾಗಿಯೇ ಬರುವ ಇದ್ದಿಲಿಗೆ, ಆ ಶಿಸ್ತು ಇಲ್ಲ.

ಈಗ ದುಡ್ಡಿನ ವಿಷಯ. ಅಗ್ಗದ ಬ್ರಿಕೆಟ್‌ನಲ್ಲಿ ಉರಿಯುವ ಇಂಗಾಲ ನೂರಕ್ಕೆ 60 ಅಂತ ಇಟ್ಟುಕೊಳ್ಳಿ, ಒಳ್ಳೆಯದರಲ್ಲಿ 80. ಎರಡು ಕಿಲೋ ಹಾಕಿದರೆ ಒಂದರಲ್ಲಿ 1,200 ಗ್ರಾಂ ಇಂಗಾಲ, ಇನ್ನೊಂದರಲ್ಲಿ 1,600. ಅಂದರೆ ಮೂರನೇ ಒಂದು ಭಾಗ ಜಾಸ್ತಿ. ಬೆಲೆಯೂ ಮೂರನೇ ಒಂದು ಭಾಗ ಜಾಸ್ತಿ ಇದ್ದರೆ ನಿಮಗೆ ನಷ್ಟ ಏನೂ ಇಲ್ಲ, ಕೊಟ್ಟ ದುಡ್ಡಿಗೆ ಸರಿಯಾಗಿ ಕೆಂಡ ಬಂತು. ನಿಮ್ಮದು ಎರಡರಷ್ಟು ಬೆಲೆ. ಹಾಗಾದರೆ ಹೆಚ್ಚಿಗೆ ಕೊಟ್ಟ ದುಡ್ಡಿನಲ್ಲಿ ಮೂರನೇ ಎರಡು ಭಾಗವನ್ನು ನೀವು ಇಂಗಾಲಕ್ಕೆ ಕೊಡುತ್ತಿಲ್ಲ. ಬೂದಿ ಕಡಿಮೆ, ವಾಸನೆ ಕಡಿಮೆ, ಒಂದೇ ಸಮ ಉರಿ ಅನ್ನುವ ಮೂರು ಸೌಕರ್ಯಕ್ಕೆ ಕೊಡುತ್ತಿದ್ದೀರಿ. ಅದೇ ಎರಡು ಕಿಲೋಗೆ ಬೂದಿಯ ಲೆಕ್ಕ ನೋಡಿ: 18% ಆದರೆ 360 ಗ್ರಾಂ, 5% ಆದರೆ 100 ಗ್ರಾಂ. ಅರ್ಧ ಗಂಟೆ ಸುಡುವವನಿಗೆ ಈ ವ್ಯತ್ಯಾಸ ಕಾಣುವುದು ಮರುದಿನ ಒಲೆ ತೊಳೆಯುವಾಗ. ಐದು ಗಂಟೆ ಬೇಯಿಸುವವನಿಗೆ ಮೂರನೇ ಗಂಟೆಯಲ್ಲೇ ಕಾಣುತ್ತದೆ.

ಚೀಲದ ಮಾತು ನಂಬುವ ಮೊದಲು ನೀವೇ ತೂಗಿ. ಸಣ್ಣ ತೂಕದ ಯಂತ್ರ ಒಂದಿದ್ದರೆ ಸಾಕು. ಒಣಗಿದ ಬ್ರಿಕೆಟ್ ಸರಿಯಾಗಿ ಒಂದು ಕಿಲೋ ತೂಗಿ. ಒಲೆ ಚೊಕ್ಕ ಗುಡಿಸಿ, ಅದರಲ್ಲಿ ಪೂರ್ತಿ ಸುಟ್ಟು ಬಿಡಿ. ಮಧ್ಯೆ ಮಧ್ಯೆ ಕೆದಕಿ, ಒಳಗಿನ ಕರಿ ಉಳಿಯಬಾರದು. ಮರುದಿನ ತಣ್ಣಗಾದ ಮೇಲೆ ಬೂದಿ ಬಾಚಿ ತೂಗಿ. ಕರಿ ಚೂರು ಕಂಡರೆ ಜರಡಿ ಹಿಡಿದು ಬೇರೆ ಮಾಡಿ, ಆ ತೂಕವನ್ನು ಮೊದಲಿನ ಕಿಲೋದಿಂದ ಕಳೆಯಿರಿ. 180 ಗ್ರಾಂ ಬೂದಿ ಬಂದರೆ 18%. 50 ಬಂದರೆ 5%. ಗಾಳಿ ಬೀಸುವ ದಿನ ಮಾಡಬೇಡಿ, ಅರ್ಧ ಬೂದಿ ಹಾರಿ ಹೋಗಿ ಕೆಟ್ಟ ಮಾಲೂ ಒಳ್ಳೆಯದಾಗಿ ಕಾಣುತ್ತದೆ. ಎರಡೂ ಚೀಲಕ್ಕೆ ಹೀಗೇ ಮಾಡಿ, ಪಕ್ಕಪಕ್ಕ ಇಟ್ಟು ನೋಡಿ.

ಚೀಲ ಬಿಚ್ಚಿದಾಗ ಇನ್ನೊಂದು ಕೆಲಸ ಮಾಡಿ. ತಳದಲ್ಲಿ ಎಷ್ಟು ಪುಡಿ, ಎಷ್ಟು ಮುರಿದ ಚೂರು ಇದೆ ನೋಡಿ. ಪುಡಿಗೂ ದುಡ್ಡು ಕೊಟ್ಟಿರುತ್ತೀರಿ, ಆದರೆ ಅದು ಗಾಳಿ ಕಟ್ಟಿಹಾಕಲು ಬಿಟ್ಟರೆ ಬೇರೆ ಯಾವುದಕ್ಕೂ ಬರುವುದಿಲ್ಲ.

'100% ನೈಸರ್ಗಿಕ' ಅನ್ನುವುದನ್ನು ಓದಿ ಮುಂದೆ ಹೋಗಿ. ಜೇಡಿಮಣ್ಣೂ ನೈಸರ್ಗಿಕವೇ. 'ಅಸಲಿ ಕೆಂಡದ ರುಚಿ' ಕೂಡ ಹಾಗೇ. ಚೆನ್ನಾಗಿ ಹತ್ತಿದ ಕೆಂಡಕ್ಕೆ ತನ್ನದೇ ಆದ ರುಚಿ ಅಂತ ಹೆಚ್ಚೇನೂ ಇಲ್ಲ. ಕೊಬ್ಬು, ರಸ ಕೆಂಡದ ಮೇಲೆ ತೊಟ್ಟಿಕ್ಕಿ ಸುಟ್ಟು ಮೇಲೆ ಬರುತ್ತದಲ್ಲ, ಆ ಹೊಗೆಯಲ್ಲಿ ಇರುವುದು ನೀವು ಹುಡುಕುವ ರುಚಿ. ಮರದ ಹೊಗೆಯ ರುಚಿ ಬೇಕಾದರೆ ಒಂದೆರಡು ಒಣ ಮರದ ತುಂಡು ಕೆಂಡದ ಮೇಲೆ ಇಡಿ. ಯಾವ ಬ್ರಿಕೆಟ್ ಕೂಡ ಅದನ್ನು ಕೊಡುವುದಿಲ್ಲ.

---

ಕರಟಪಕ್ಷ:

ತಕ್ಕಡಿಯವರ ಲೆಕ್ಕ ಚೆನ್ನಾಗಿದೆ. ಆದರೆ 'ಪ್ರೀಮಿಯಂ' ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದಾರೆ. ತೆಂಗಿನ ಕರಟದ ಬ್ರಿಕೆಟ್ ಬೇರೆಯೇ ಜಾತಿ.

ಕರಟದ ಇದ್ದಿಲು ತುಂಬಾ ಗಟ್ಟಿ. ಅದರಿಂದ ಮಾಡಿದ ಬ್ರಿಕೆಟ್ ಸಾಮಾನ್ಯವಾಗಿ ದಿಂಬಿನ ಆಕಾರದಲ್ಲಿ ಇರುವುದಿಲ್ಲ. ಚೌಕ ಇರುತ್ತದೆ, ಇಲ್ಲವೇ ಆರು ಮೂಲೆಯ ಕೊಳವೆ, ನಡುವೆ ತೂತು. ಆ ತೂತು ಅಲಂಕಾರಕ್ಕಲ್ಲ, ಒಳಗಿನಿಂದಲೂ ಗಾಳಿ ಆಡಲಿ ಅಂತ. ಒಳ್ಳೆಯ ಮಾಲಾದರೆ ಬೂದಿ ಸ್ವಲ್ಪವೇ. ಕಿಡಿ ಹಾರುವುದು ಕಡಿಮೆ. ಹೊಗೆಯೂ ಕಡಿಮೆ.

ಆದರೆ ಹತ್ತಿಸಲು ತಾಳ್ಮೆ ಬೇಕು. ಮಾಮೂಲಿ ಬ್ರಿಕೆಟ್ ಚಿಮ್ನಿ ಸ್ಟಾರ್ಟರಿನಲ್ಲಿ (ಇದ್ದಿಲು ತುಂಬಿ ಕೆಳಗಿನಿಂದ ಹತ್ತಿಸುವ ಲೋಹದ ಕೊಳವೆ) 15-20 ನಿಮಿಷಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕರಟದ್ದು ಅದಕ್ಕಿಂತ ಚೆನ್ನಾಗಿಯೇ ಹೆಚ್ಚು ಹೊತ್ತು ತಗೊಳ್ಳುತ್ತದೆ. ಇದು ಗೊತ್ತಿಲ್ಲದವರು 'ದುಬಾರಿ ಮಾಲು, ಹತ್ತುವುದೇ ಇಲ್ಲ' ಅಂತ ಬೈದು ವಾಪಸ್ ಅಗ್ಗದ್ದಕ್ಕೆ ಹೋಗುತ್ತಾರೆ. ಅರ್ಧ ಗಂಟೆಯ ಅಡುಗೆಗೆ ಇದನ್ನು ಹಾಕಿದರೆ, ಅಡುಗೆ ಮುಗಿದ ಮೇಲೂ ಕೆಂಡ ಧಗಧಗ ಅಂತ ಕೂತಿರುತ್ತದೆ. ಆ ಕೆಲಸಕ್ಕೆ ದುಡ್ಡು ದಂಡ, ನಾನೂ ಒಪ್ಪುತ್ತೇನೆ. ಮುಚ್ಚಳ ಇರುವ ಒಲೆಯಲ್ಲಿ ಎರಡೂ ಕಿಂಡಿ ಮುಚ್ಚಿದರೆ ಕೆಂಡ ಆರುತ್ತದೆ, ಉಳಿದದ್ದನ್ನು ಮುಂದಿನ ಸಲ ಬಳಸಬಹುದು, ಅದು ಬೇರೆ ಮಾತು.

---

ಮೂಸೆ:

ನಾನು ಇಂಧನ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಇದ್ದವನು. ತಕ್ಕಡಿಯವರ ಮಾತಿಗೆ ಒಂದು ತಿದ್ದುಪಡಿ, ಒಂದು ಸೇರ್ಪಡೆ.

ತಿದ್ದುಪಡಿ ಇದು. ಬೂದಿ ಕಡಿಮೆ ಅಂದ ತಕ್ಷಣ ಇಂಗಾಲ ಜಾಸ್ತಿ ಅಂತ ತೀರ್ಮಾನ ಮಾಡಬೇಡಿ. ಇದ್ದಿಲಿನಲ್ಲಿ ನಾಲ್ಕು ಪಾಲು ಇರುತ್ತದೆ: ತೇವ, ಆವಿಯಾಗಿ ಹೋಗುವ ಅಂಶ, ಬೂದಿ, ಉಳಿದದ್ದು ಸ್ಥಿರ ಇಂಗಾಲ. ಪುಡಿ ಮಾಡಿದ ಮಾದರಿಯನ್ನು ಮೊದಲು 105 ಡಿಗ್ರಿಯಲ್ಲಿ ಒಣಗಿಸಿ ತೂಗುತ್ತೇವೆ, ತೇವ ಸಿಗುತ್ತದೆ. ಆಮೇಲೆ ಮುಚ್ಚಿದ ಮೂಸೆಯಲ್ಲಿ 950 ಡಿಗ್ರಿಗೆ ಕಾಯಿಸಿದರೆ ಆವಿಯಾಗುವ ಅಂಶ ಹೊರಗೆ ಹೋಗುತ್ತದೆ. ಕೊನೆಗೆ ಮುಚ್ಚಳ ತೆಗೆದು 750 ಡಿಗ್ರಿಯಲ್ಲಿ ತೂಕ ಬದಲಾಗದೆ ನಿಲ್ಲುವ ತನಕ ಸುಟ್ಟರೆ ಬೂದಿ ಉಳಿಯುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಡಿ1762 ಅನ್ನುವ ವಿಧಾನ ಇದೇ. ಮನೆಯಲ್ಲಿ ಮಾಡಲು ಆಗುವುದು ಕೊನೆಯದೊಂದೇ, ಅದನ್ನು ತಕ್ಕಡಿ ಸರಿಯಾಗಿಯೇ ಹೇಳಿದ್ದಾರೆ.

ಆವಿಯಾಗುವ ಅಂಶ ಇದ್ದಿಲಿನಿಂದ ಇದ್ದಿಲಿಗೆ ಬಹಳ ಬದಲಾಗುತ್ತದೆ, 5%ಗಿಂತ ಕಡಿಮೆಯಿಂದ ಹಿಡಿದು 40% ತನಕ. ಮರವನ್ನು ಕಡಿಮೆ ಕಾವಿನಲ್ಲಿ, ಅವಸರದಲ್ಲಿ ಸುಟ್ಟರೆ ಅದು ಜಾಸ್ತಿ ಉಳಿಯುತ್ತದೆ. ಅಂಥ ಇದ್ದಿಲು ಬೇಗ ಹತ್ತುತ್ತದೆ, ದಟ್ಟ ಹೊಗೆ ಬಿಡುತ್ತದೆ. ಅದೂ ಉರಿದು ಕಾವು ಕೊಡುತ್ತದೆ ನಿಜ, ಆದರೆ ಹೆಚ್ಚಿನ ಪಾಲು ಚಿಮ್ನಿಯಲ್ಲಿ ಹತ್ತಿಸುವಾಗಲೇ ಹೋಗಿಬಿಡುತ್ತದೆ. ನೀವು ಅಡುಗೆ ಇಡುವ ಹೊತ್ತಿಗೆ ಉಳಿಯುವುದು ಸ್ಥಿರ ಇಂಗಾಲ. ಹಾಗಾಗಿ ಬೂದಿ ತೂಗಿದ ಮೇಲೆ ಒಂದು ಕಣ್ಣು ಹೊಗೆಯ ಮೇಲೂ ಇರಲಿ. ಹತ್ತಿಸಿದಾಗ ಹಳದಿ ಮಿಶ್ರಿತ ದಟ್ಟ ಹೊಗೆ, ಗಂಟಲು ಕೆರೆಯುವ ಡಾಂಬರಿನ ವಾಸನೆ ಬಹಳ ಹೊತ್ತು ಬಂದರೆ ಆ ಮಾಲಿಗೆ ಹೆಚ್ಚು ದುಡ್ಡು ಕೊಡಬೇಡಿ, ಬೂದಿ ಎಷ್ಟೇ ಕಡಿಮೆ ಇರಲಿ.

ಸೇರ್ಪಡೆ: ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಯುರೋಪಿನ ಇಎನ್ 1860-2 ಅನ್ನುವ ಮಾನದಂಡದ ಗುರುತು ಇದ್ದರೆ ಬ್ರಿಕೆಟ್‌ನಲ್ಲಿ ಸ್ಥಿರ ಇಂಗಾಲ ಕನಿಷ್ಠ 60%, ಬೂದಿ ಗರಿಷ್ಠ 18%, ತೇವ ಗರಿಷ್ಠ 8% ಅಂತ ಅರ್ಥ. ಇಡೀ ಇದ್ದಿಲಿಗೆ ನಿಯಮ ಬಿಗಿ: ಇಂಗಾಲ 75%ಗೆ ಕಡಿಮೆ ಇರಬಾರದು, ಬೂದಿ 8% ದಾಟಬಾರದು. ಅಂದರೆ ಬ್ರಿಕೆಟ್ ಚೀಲದ ಮೇಲೆ ಈ ಗುರುತು ಇದ್ದರೆ ಅದು ಪಾಸಾಗಿದೆ ಅಂತಷ್ಟೇ. ಮೂವತ್ತೈದು ಅಂಕ ತಗೊಂಡವನೂ ಪಾಸು. ಒಳ್ಳೆಯ ತಯಾರಕರು ತಮ್ಮ ನಿಜವಾದ ಅಂಕಿಯನ್ನೇ ಅಚ್ಚು ಹಾಕುತ್ತಾರೆ. ಬೂದಿ ಇಷ್ಟು, ಇಂಗಾಲ ಇಷ್ಟು ಅಂತ ಸಂಖ್ಯೆ ಬರೆಯುವ ಧೈರ್ಯ ಇಲ್ಲದೆ 'ಕಡಿಮೆ ಬೂದಿ' ಅಂತ ಬರೀ ಮಾತು ಬರೆದವರಿಗೆ ನಾನಾದರೆ ಎರಡರಷ್ಟು ಬೆಲೆ ಕೊಡುವುದಿಲ್ಲ.

ಇನ್ನೊಂದು. 'ಹೊಗೆ ಇಲ್ಲ' ಅನ್ನುವುದನ್ನು ನೋಡಿ ಯಾರೂ ಇದನ್ನು ಮನೆ ಒಳಗೆ, ಮುಚ್ಚಿದ ಜಾಗದಲ್ಲಿ, ಡೇರೆಯಲ್ಲಿ ಹತ್ತಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆಯಾದರೂ ಬಂದಿದ್ದರೆ ಕಣ್ಣು ಉರಿದು ಹೊರಗೆ ಓಡುತ್ತಿದ್ದಿರಿ. ಆರುತ್ತಿರುವ ಕೆಂಡದಿಂದಲೂ ಅದು ಬರುತ್ತದೆ, ಹಾಗಾಗಿ ಬಳಸಿದ ಒಲೆಯನ್ನು ಪೂರ್ತಿ ತಣ್ಣಗಾಗುವ ಮೊದಲು ಒಳಗೆ ತರಬೇಡಿ.

---

ಸುಮ್ನೆಸುಡು:

ಅಬ್ಬಾ, ಇದ್ದಿಲು ಕೇಳಿದರೆ ರಸಾಯನಶಾಸ್ತ್ರದ ಪಾಠವೇ ಆಯಿತು. ಕಿಂಡಿ ಕಟ್ಟಿದರೆ ಒಂದು ಕಡ್ಡಿ ತಗೊಂಡು ಕೆದಕಿ ಸ್ವಾಮಿ. ಕಡ್ಡಿಗೆ ದುಡ್ಡಿಲ್ಲ.

---

ತಕ್ಕಡಿ:

ಕಡ್ಡಿಯ ಮಾತು ನಿಜ, ತಮಾಷೆ ಅಲ್ಲ. ಅಗ್ಗದ ಮಾಲಿನಲ್ಲೇ ಐದು ಗಂಟೆ ಎಳೆಯಬೇಕು ಅಂದರೆ ಗಂಟೆಗೊಮ್ಮೆ ಕಿಂಡಿ ಕೆದಕಿ, ಜಾಲರಿ ಅಲ್ಲಾಡಿಸಿ ಬೂದಿ ಕೆಳಗೆ ಬೀಳಿಸಿದರೆ ಸಾಕಷ್ಟು ಕೆಲಸ ಆಗುತ್ತದೆ. ಕೆಳಗಿನ ಕಿಂಡಿಯ ಹಿಡಿ ತಿರುಗಿಸಿದರೆ ಬೂದಿ ಗುಡಿಸಿಕೊಂಡು ಹೋಗುವ ರೆಕ್ಕೆ ಇರುವ ಒಲೆಗಳೂ ಇವೆ. ಅಂಥದ್ದು ನಿಮ್ಮದಾದರೆ ಪ್ರೀಮಿಯಂ ಚೀಲದ ಅರ್ಧ ಕಾರಣವೇ ಹೋಯಿತು. ಮಣ್ಣಿನ ದಪ್ಪ ಗೋಡೆಯ ಕಮಾಡೊ ಒಲೆ ಇರುವವರಿಗೆ ಮಾತ್ರ ಕಡ್ಡಿ ಸಾಲದು. ಅದಕ್ಕೆ ಗಾಳಿ ಬೇಕಾಗುವುದೇ ಎಳೆಯಷ್ಟು, ಆ ಎಳೆಯನ್ನೂ ಬೂದಿ ಕಟ್ಟಿಹಾಕಿದರೆ ಒಲೆ ಸತ್ತಂತೆ. ಅವರು ಇಡೀ ಇದ್ದಿಲು ಹಾಕುವುದೇ ವಾಸಿ.

ಮೂಸೆಯವರ ತಿದ್ದುಪಡಿ ತಲೆಬಾಗಿ ಒಪ್ಪಿದೆ.

---

ಹೊಸಒಲೆ:

ಎಲ್ಲರಿಗೂ ಧನ್ಯವಾದ. ಇಕ್ಕಳದಿಂದ ತಟ್ಟಿ ನೋಡಿದೆ. ತಕ್ಕಡಿಯವರು ಹೇಳಿದ್ದು ಅಕ್ಷರಶಃ ನಿಜ, ಹೊರಗಿನದು ಬರೀ ಪುಡಿ. ನನ್ನ ಒಲೆಗೆ ರೆಕ್ಕೆ ಇಲ್ಲ.

ಚೀಲದ ಹಿಂದೆ ಓದಿದೆ. ದುಬಾರಿಯದರಲ್ಲಿ 'ಬೂದಿ 6%ಗಿಂತ ಕಡಿಮೆ, ಅಂಟು: ಗಂಜಿ' ಅಂತ ಅಂಕಿ ಹಾಕಿದ್ದಾರೆ. ಅಗ್ಗದ್ದರಲ್ಲಿ ಏನೂ ಇಲ್ಲ.

ಎರಡು ಪ್ರಶ್ನೆ ಉಳಿದಿದೆ. ಒಂದು, ಬ್ರಿಕೆಟ್‌ಗಳನ್ನು ಒಲೆಯ ಅಂಚಿಗೆ ಹಾವಿನ ಹಾಗೆ ಸಾಲಾಗಿ ಜೋಡಿಸಿ ಒಂದು ತುದಿಗೆ ಮಾತ್ರ ಕೆಂಡ ಇಟ್ಟು ದೀರ್ಘ ಹೊತ್ತು ಬೇಯಿಸುತ್ತಾರಲ್ಲ, ಅದಕ್ಕೆ ಅಗ್ಗದ್ದು ಆಗುತ್ತದಾ? ನಾನು ಹಾಗೆ ಮಾಡಿದಾಗ ಮಾಂಸಕ್ಕೆ ಏನೋ ಒಂದು ಕಹಿ ವಾಸನೆ ಬಂದಿತ್ತು. ಎರಡು, ಹಳೆಯ ಚೀಲವೊಂದು ಮೂಲೆಯಲ್ಲಿದೆ, ಮಳೆಯ ತೇವ ಹಿಡಿದಿದೆ. ಬಿಸಾಡಬೇಕಾ?

---

ತಕ್ಕಡಿ:

ಮೊದಲ ಪ್ರಶ್ನೆ ಒಳ್ಳೆಯ ಪ್ರಶ್ನೆ. ದುಬಾರಿ ಚೀಲಕ್ಕೆ ನಿಜವಾದ ಕೆಲಸ ಇರುವ ಜಾಗವೂ ಅದೇ.

ಚಿಮ್ನಿಯಲ್ಲಿ ಪೂರ್ತಿ ಹತ್ತಿಸಿ ಸುರಿಯುವಾಗ ಕೆಟ್ಟ ಹೊಗೆಯೆಲ್ಲ ಮೊದಲೇ ಆಕಾಶಕ್ಕೆ ಹೋಗಿರುತ್ತದೆ. ಮಾಂಸ ಇಡುವುದು ಆಮೇಲೆ. ಹಾವಿನ ಸಾಲಿನಲ್ಲಿ ಹಾಗಲ್ಲ. ಐದು ಗಂಟೆಯ ಉದ್ದಕ್ಕೂ ಒಂದಲ್ಲ ಒಂದು ಬ್ರಿಕೆಟ್ ಆಗತಾನೇ ಹೊತ್ತಿಕೊಳ್ಳುತ್ತಿರುತ್ತದೆ. ಅದರ ಮೊದಲ ಹೊಗೆ ಮುಚ್ಚಳದ ಒಳಗೆ ಸುತ್ತಿ, ಮಾಂಸದ ಮೈ ಸವರಿಕೊಂಡೇ ಮೇಲಿನ ಕಿಂಡಿಯಿಂದ ಹೊರಗೆ ಹೋಗಬೇಕು. ಮೂಸೆಯವರು ಹೇಳಿದ ಡಾಂಬರಿನ ವಾಸನೆ ನಿಮ್ಮ ಮಾಂಸಕ್ಕೆ ಬಂದದ್ದು ಬಹುಶಃ ಹೀಗೆ. ಕೆಲವು ತಯಾರಕರು ಹೆಚ್ಚು ಹೊತ್ತು ಉರಿಯಲಿ ಅಂತ ಗಣಿಯ ಕಲ್ಲಿದ್ದಲಿನ ಪುಡಿಯನ್ನೂ ಸೇರಿಸುತ್ತಾರೆ. ಬೇಗ ಹತ್ತಲಿ ಅಂತ ದ್ರವ ಇಂಧನ ಕುಡಿಸಿದ ಬ್ರಿಕೆಟ್‌ಗಳೂ ಇವೆ. ಅವನ್ನಂತೂ ಈ ಸಾಲಿಗೆ ಯಾವತ್ತೂ ಇಡಬೇಡಿ. ಉರಿಯುತ್ತಿರುವ ಒಲೆಗೆ ಮೇಲಿನಿಂದ ಹಾಕುವುದೂ ಬೇಡ.

ಸಾಲು ನಡುವೆ ಆರಿಹೋಗದೆ ಇರಬೇಕಾದರೆ ಪ್ರತಿ ಬ್ರಿಕೆಟ್ ಪಕ್ಕದ್ದಕ್ಕೆ ಕಾವು ದಾಟಿಸಬೇಕು. ನಡುವೆ ಬೂದಿಯ ಗೋಡೆ ಎದ್ದರೆ ಕೊಂಡಿ ಕಳಚುತ್ತದೆ. ಹಾಗಾಗಿ ಇದಕ್ಕೆ ಒಂದೇ ಗಾತ್ರದ, ಮುರಿಯದ, ಬೂದಿ ಕಡಿಮೆ ಇರುವ ಮಾಲೇ ಬೇಕು. ಕರಟಪಕ್ಷದವರು ಬೇಜಾರು ಮಾಡಿಕೊಳ್ಳಬಾರದು, ಅವರ ಕರಟದ ಕೊಳವೆ ನನಗೆ ಈ ಕೆಲಸಕ್ಕೆ ಅಷ್ಟು ಹಿಡಿಸುವುದಿಲ್ಲ. ಹತ್ತುವುದು ನಿಧಾನ, ಸಾಲಿನಲ್ಲಿ ಪಕ್ಕದ್ದಕ್ಕೆ ಹಿಡಿಯುವ ಮೊದಲೇ ಕಾವು ಮಂಕಾಗುವ ಭಯ. ದಿಂಬಿನ ಆಕಾರದ ಒಳ್ಳೆಯ ಮರದ ಬ್ರಿಕೆಟ್ ಅಂಚಿಗೆ ಅಂಚು ತಾಗಿ ಚೆನ್ನಾಗಿ ಕೂರುತ್ತದೆ.

ಎರಡನೆಯದು: ಬಿಸಾಡಬೇಡಿ, ಮೊದಲು ಒಂದನ್ನು ಬೆರಳಲ್ಲಿ ಒತ್ತಿ ನೋಡಿ. ಗಂಜಿಯ ಅಂಟು ನೀರಿಗೆ ಸೋಲುತ್ತದೆ. ಹಿಟ್ಟಿನ ಹಾಗೆ ಕುಸಿದರೆ ಅದರ ಕಥೆ ಮುಗಿದಿದೆ. ಗಟ್ಟಿ ಇದ್ದರೆ ಬಿಸಿಲಿಗೆ ಹರಡಿ, ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿ ಇರುವ ಡಬ್ಬಕ್ಕೆ ತುಂಬಿ. ಹಸಿ ಇದ್ದದ್ದನ್ನು ಹಾಗೇ ಹತ್ತಿಸಿದರೆ ಮೊದಲ ಕಾವೆಲ್ಲ ನೀರು ಓಡಿಸುವುದಕ್ಕೇ ಖರ್ಚು. ಒಮ್ಮೊಮ್ಮೆ ಚಟಪಟ ಸಿಡಿಯುತ್ತದೆ ಕೂಡ.

---

ಕರಟಪಕ್ಷ:

ಬೇಜಾರಿಲ್ಲ. ಕರಟದ್ದನ್ನು ನಾನೂ ಸಾಲಿಗೆ ಇಡುವುದಿಲ್ಲ, ರಾಶಿ ಹಾಕಿ ಬಳಸುತ್ತೇನೆ.

---

ಹೊಸಒಲೆ:

ಅಂದರೆ ಒಂದು ದುಬಾರಿ ಚೀಲ, ಒಂದು ಅಗ್ಗದ ಚೀಲ ಎರಡೂ ಇಟ್ಟುಕೊಳ್ಳಬೇಕು ಅನ್ನುತ್ತೀರಾ?

---

ತಕ್ಕಡಿ:

ಹೌದು. ಅರ್ಧ ಗಂಟೆಯ ಕೆಲಸಕ್ಕೆ ಅಗ್ಗದ್ದು, ಚಿಮ್ನಿಯಲ್ಲಿ ಪೂರ್ತಿ ಬೂದಿ ಬಣ್ಣಕ್ಕೆ ತಿರುಗುವ ತನಕ ಕಾಯುವುದು. ದೀರ್ಘ ಅಡುಗೆಗೆ ಸಾಲು ಜೋಡಿಸುವುದು ದುಬಾರಿಯದರಲ್ಲಿ. ಆದರೆ ಸಾಲಿನ ತುದಿಗೆ ಇಡುವ ಏಳೆಂಟು ಕೆಂಡ ಅಗ್ಗದ್ದೇ ಆಗಲಿ, ಅದರ ಹೊಗೆ ಚಿಮ್ನಿಯಲ್ಲೇ ಮುಗಿದಿರುತ್ತದೆ. ಮೊದಲು ಸಣ್ಣ ಚೀಲ ತನ್ನಿ. ಒಂದು ಕಿಲೋ ಸುಟ್ಟು ಬೂದಿ ತೂಗಿ, 60 ಗ್ರಾಂ ದಾಟಿದರೆ ಚೀಲದ ಹಿಂದಿನ ಅಂಕಿ ಸುಳ್ಳು, ಎರಡನೇ ಸಲ ಆ ಕಡೆ ಹೋಗಬೇಡಿ.